ಆಚೆ ದಡದ ಅಂಬಿಗ

ವಿನೋಬನಗರ, ಶಿವಮೊಗ್ಗ
ಭಾನುವಾರ, 16 ನವೆಂಬರ್ 2025, ಸಂಜೆ

ಪ್ರೀತಿಯ ಜ್ಞಾನೇಶ್,

ಈ "ಪ್ರೀತಿಯ" ನೋಡಿ ಬೆಚ್ಚಬೇಡ. ಕೈತಪ್ಪಿ ಬಂದದ್ದಲ್ಲ. ಒಂದು ವರ್ಷದಿಂದ "ಶ್ರೀ ಜ್ಞಾನೇಶ್ ಅವರಿಗೆ" ಎಂದು ತಹಶೀಲ್ದಾರರಿಗೆ ಅರ್ಜಿ ಬರೆಯುವ ಹಾಗೆ ಶುರುಮಾಡಿ, "ಸುಮನಾಗೆ ಜ್ವರ ಬಂದು ಹೋಯಿತು, ತಿಳಿದಿರಲಿ" ಎಂದು ಮುಗಿಸುತ್ತಿದ್ದವಳು ಇವತ್ತು ಬೇರೆ ಥರ ಬರೆಯುತ್ತಿದ್ದೇನೆ. ಯಾಕೆಂದರೆ ನನಗೆ ಎಲ್ಲಾ ಗೊತ್ತಾಗಿದೆ. ಅಂಬಿಗ ನೀನೇ. ನಾನು ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಬರೆಯುವ ಹೊತ್ತಿಗೆ ನಮ್ಮ ಮಗಳು ಸೋಗಾನೆಯಲ್ಲಿ ನಿನ್ನ ಜೊತೆ ಇದ್ದಾಳೆ. ಕತ್ತಲಾಗುವ ಮೊದಲು ನೀನು ಅವಳನ್ನು ಮನೆಗೆ ಬಿಡಲು ಬರುತ್ತೀಯ. ಆಗ ಇದನ್ನು ನಿನ್ನ ಕೈಗೇ ಕೊಡಬೇಕೆಂದು ಆಸೆ. ಗೇಟಿನ ಹತ್ತಿರವೇ ಇಳಿಸಿ ಓಡಿಹೋದರೆ, ಇದ್ದಾರಲ್ಲ ನಮ್ಮ ಅಂಚೆಯವರು, ಶಿವಮೂರ್ತಪ್ಪ ಮಾಮ, ಅವರ ಕೈಲಿ ಭದ್ರಾವತಿಗೆ ಕಳಿಸುತ್ತೇನೆ.

ಮಾಮ ಮಾಡಿದ ಕಟ್ಟಳೆ ನೆನಪಾದರೆ ಈಗಲೂ ನಗು ಬರುತ್ತದೆ. ನೀನು ಮನೆಬಿಟ್ಟ ತಿಂಗಳಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಪಂಚಾಯ್ತಿ ಮಾಡಿದರಲ್ಲ, ಆಗ ಅವರು ಹೇಳಿದ್ದು: "ಫೋನು ಮಾತ್ರ ಮಾಡ್ಬೇಡಿ ಮಾರಾಯ್ರಾ. ಫೋನ್ ಎತ್ತಿದ್ರೆ ಜಗಳ ಆಡ್ತೀರಿ. ಕಾಗದ ಬರೀರಿ. ಭಾನುವಾರ ಭಾನುವಾರ ನಾನೇ ತಗೊಂಡು ಹೋಗ್ತೀನಿ, ತಗೊಂಡು ಬರ್ತೀನಿ. ಬರೆಯೋವಾಗ ಕೈ ನೋವು ಬರುತ್ತೆ, ಬೈಗುಳ ಕಮ್ಮಿ ಆಗುತ್ತೆ." ಕಮ್ಮಿ ಆಯಿತು ನಿಜ. ಬೈಗುಳದ ಜೊತೆ ಮಾತೂ ಕಮ್ಮಿ ಆಯಿತು. ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿದೆ, ನನ್ನದನ್ನು ನೀನು ಮಾಡಿದೆ. ವಾರಕ್ಕೊಂದು ಕಾಗದ, ಅದರ ಕೊನೆಯಲ್ಲಿ ಸುಮನಾ ನಿನಗೆಂದು ಗೀಚುವ ಒಂದೆರಡು ಸಾಲು. ಅಷ್ಟರಲ್ಲೇ ಸಂಸಾರ ನಡೆಯಿತು.

ನಮ್ಮ ಜಗಳ ಎಲ್ಲಿ ಆಯಿತು ಎಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಸಾವಿತ್ರಮ್ಮನವರಿಗೆ ಒಮ್ಮೆ ಹೇಳಲು ಹೋದೆ. ಅವರು ಗೋಡೆಯ ಆಚೆಯಿಂದ, "ಕಂಪ್ಯೂಟರ್ ಆಟದಾಗೆ ಗಂಡ ಸತ್ತ ಅಂತ ನಿಜವಾದ ಗಂಡನ್ನ ಬಿಟ್ಯಾ?" ಎಂದರು. ಹಾಗಲ್ಲ ಎಂದು ವಿವರಿಸುವಷ್ಟರಲ್ಲಿ ಅವರ ಕುಕ್ಕರ್ ಕೂಗಿತು. ಅವರಿಗೆ ಹೇಗೆ ತಿಳಿಯಬೇಕು? ಲಾಕ್‌ಡೌನ್‌ನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ನಾವು ಮೂವರೂ ಸೇರಿ ಆ ಆಟದೊಳಗೆ ಒಂದು ಊರು ಕಟ್ಟಿಕೊಂಡೆವು. ತುಂಗೆಯ ಕಡೆಯ ಆಟಗಾರರು ಅರ್ಧ, ಭದ್ರೆಯ ಕಡೆಯವರು ಅರ್ಧ ಸೇರಿದ ಬಳಗ, ಅದಕ್ಕೇ "ಕೂಡ್ಲಿ" ಎಂದು ಹೆಸರಿಟ್ಟಿದ್ದು ನೀನೇ. ನೀನು ಗುರಾಣಿ ಹಿಡಿದು ಮುಂದೆ ನಿಲ್ಲುವವನು, ನಾನು ಹಿಂದೆ ನಿಂತು ಗಾಯ ಮಾಯಿಸುವವಳು. ಸುಮನಾ ಆಗ ಎಂಟು ವರ್ಷದವಳು, ನಿನ್ನ ತೊಡೆಯ ಮೇಲೆ ಕೂತು ಬಾಣ ಬಿಡುತ್ತಿದ್ದಳು.

ಜಗಳದ ದಿನ ಆಟದಲ್ಲಿ ನಾನು ನಿನಗೆ ಸರಿಯಾದ ಹೊತ್ತಿಗೆ ಮದ್ದು ಕೊಡಲಿಲ್ಲ, ನೀನು ಬಿದ್ದೆ, "ಬೇಕಂತಲೇ ಸಾಯೋಕೆ ಬಿಟ್ಟೆ" ಎಂದೆ. ಅಲ್ಲಿಂದ ಶುರುವಾಗಿ ನಿಮ್ಮ ಮನೆ, ನಮ್ಮ ಮನೆ, ಮದುವೆಯ ದಿನ ನಮ್ಮಪ್ಪ ಆಡಿದ ಮಾತು, ಸುಮನಾಳ ಶಾಲೆ ಬದಲಾಯಿಸಿದ್ದು, ನೀನು ಕಡ್ಲೆ, ಕಡ್ಲೆ ಎಂದು ಅವಳನ್ನು ಮುದ್ದುಮಾಡಿ ವಾರ ವಾರ ಸೋಗಾನೆಗೆ ವಿಮಾನ ತೋರಿಸಲು ಕರೆದೊಯ್ದು ಓದು ಕೆಡಿಸಿದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಬಳಗದ ಯಾರೋ ಮೆಲ್ಲಗೆ, "ಅಕ್ಕಾ, ಮೈಕ್ ಆನ್ ಇದೆ" ಎಂದರು. ಇಡೀ ಕೂಡ್ಲಿ ಕಿವಿಗೊಟ್ಟು ಕೇಳಿತ್ತು. ಮುಖ ನೋಡಿಲ್ಲದ, ಮನೆ ಗೊತ್ತಿಲ್ಲದ ಜನ. ಆ ಅವಮಾನವನ್ನು ನೀನು ತಡೆದುಕೊಳ್ಳಲಿಲ್ಲ. ಮಾರನೆಯ ದಿನ ಬಟ್ಟೆ ತುಂಬಿಕೊಂಡು ಭದ್ರಾವತಿಗೆ, ಕಾರ್ಖಾನೆಯ ಹತ್ತಿರದ ಬಾಡಿಗೆ ಮನೆಗೆ ಹೋದೆ. ಬಳಗದಿಂದಲೂ ಹೆಸರು ತೆಗೆಸಿಕೊಂಡೆ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು ನೀನು, ನಾನೇನು ಕಮ್ಮಿಯಲ್ಲ.

ಅದಿರಲಿ, ವಿಷಯಕ್ಕೆ ಬರುತ್ತೇನೆ. ನವರಾತ್ರಿ ಮುಗಿದ ಮೇಲೆ ಆಟದಲ್ಲಿ ಹೊಸ ಅಧ್ಯಾಯದ ಸುಳಿವು ಶುರುವಾಯಿತು. ಹೆಸರು "ಆಚೆ ದಡ". ಇದು ಮೂರನೆಯದು. ಮೊದಲೆರಡು ಅಧ್ಯಾಯಗಳನ್ನು ಅವರು ಹೇಗೆ ತಂದರು ಎನ್ನುವುದನ್ನು ನಾವಿಬ್ಬರೂ ಎಷ್ಟು ಚರ್ಚೆ ಮಾಡಿದ್ದೆವು! ಗಣಿತದ ಟ್ಯೂಷನ್ ಹೇಳುವ ನನಗೆ ಅದೊಂದು ಲೆಕ್ಕದ ಹಾಗೆ ಕಾಣುತ್ತಿತ್ತು. ಒಂದೇ ಸಲಕ್ಕೆ ಬಾಗಿಲು ತೆಗೆದು "ಬನ್ನಿ, ಹೊಸ ನಾಡು" ಎಂದರೆ ಯಾರೂ ಹೋಗುವುದಿಲ್ಲ. ಹಳೆಯ ಊರಲ್ಲಿ ಮನೆ ಮಾಡಿಕೊಂಡವರು ಕದಲುವುದಿಲ್ಲ. ಅದಕ್ಕೇ ಮೊದಲು ಹಳೆಯ ಊರಿನ ನೆಮ್ಮದಿ ಕೆಡಿಸುತ್ತಾರೆ. ಮಾತಾಡದ ಒಬ್ಬ ಅಪರಿಚಿತನನ್ನು ಸಂತೆಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಆಮೇಲೆ ನಿನ್ನ ಹೆಸರು ಹಿಡಿದು ಕರೆಯುತ್ತಾರೆ, ನೀನು ಹಿಂದೆ ಮಾಡಿದ ಸಾಹಸವನ್ನೆಲ್ಲ ನೆನಪಿಸುತ್ತಾರೆ, ನೀನಿಲ್ಲದೆ ಈ ಕೆಲಸ ಆಗುವುದಿಲ್ಲ ಎನ್ನುತ್ತಾರೆ. ಹೆದರಿಸಬೇಕು, ಆದರೆ ಓಡಿಹೋಗುವಷ್ಟಲ್ಲ. ಆಸೆ ಹುಟ್ಟಿಸಬೇಕು, ಆದರೆ ಬಾ ಎನ್ನಬಾರದು. ಆಡುವವನು ತಾನಾಗಿಯೇ ಹೆಜ್ಜೆ ಇಟ್ಟೆ ಎಂದುಕೊಳ್ಳಬೇಕು.

ಈ ಸಲ ಬಹಳ ಚೆನ್ನಾಗಿ ಮಾಡಿದ್ದಾರೆ, ನಿಜ ಹೇಳಬೇಕೆಂದರೆ ನನಗೇ ಮೈ ಜುಮ್ಮೆಂದಿತು. ಆಟದೊಳಗಿನ ಹಳೇಪೇಟೆಯ ಹೊಳೆಯ ದಂಡೆಯಲ್ಲಿ ಒಂದು ಬೆಳಿಗ್ಗೆ ದೋಣಿ ಬಂದು ನಿಂತಿತು. ಅದರಲ್ಲಿ ಮುಖದ ಮೇಲೆ ಮುಸುಕೆಳೆದುಕೊಂಡ ಅಂಬಿಗ. ಮಾತಿಲ್ಲ. ಮರುದಿನ ದೀಪ ಮಾರುವವನ ಅಂಗಡಿ ಖಾಲಿ. ಒಲೆಯ ಮೇಲೆ ಹಾಲು ಉಕ್ಕುತ್ತಲೇ ಇತ್ತು, ಇಳಿಸುವವರಿಲ್ಲ. ಆಮೇಲೆ ಹೂ ಮಾರುವ ದ್ಯಾಮಮ್ಮ ಹೋದಳು, ಸುಮನಾ ಐದು ವರ್ಷದಿಂದ ದಿನಾ ಮಾತಾಡಿಸುತ್ತಿದ್ದ ಆ ಮುದುಕಿ. ಬುಟ್ಟಿ ಮಾತ್ರ ಕಟ್ಟೆಯ ಮೇಲಿತ್ತು. ಕಾವಲುಗಾರನನ್ನು ಕೇಳಿದರೆ ಒಂದೇ ಮಾತು: "ಅಂಬಿಗ ಕರೆದ, ಹೋದಳು." ಯುದ್ಧವಿಲ್ಲ, ರಕ್ತವಿಲ್ಲ, ಅಳುವವರೂ ಇಲ್ಲ. ದಿನಕ್ಕೊಂದು ಮನೆ ಖಾಲಿಯಾಗುತ್ತಾ ಬಂತು. ಸುಮನಾ ಅವತ್ತು ಊಟ ಮಾಡಲಿಲ್ಲ. ನಾನು, "ಹುಚ್ಚಿ, ಅದು ಕಥೆ ಕಣೇ, ಹೊಸ ಅಧ್ಯಾಯಕ್ಕೆ ಕರೆಯೋ ರೀತಿ" ಎಂದೆ. ಅವಳು, "ಗೊತ್ತಮ್ಮಾ. ಆದ್ರೂ ನನ್ನನ್ನ ಯಾವಾಗ ಕರೀತಾನೆ ಅಂತ ಕಾಯ್ತಿದೀನಿ" ಎಂದಳು.

ಕರೆದ. ದೀಪಾವಳಿಯ ಹೊತ್ತಿಗೆ ಅವಳಿಗೆ ಆಟದಲ್ಲಿ ಗುಟ್ಟಾಗಿ ಒಂದು ಸಂದೇಶ ಬಂತು: "ಕಡ್ಲೆ, ಆಚೆ ದಡದಲ್ಲಿ ನಿನಗಾಗಿ ಒಂದು ಬಾಗಿಲಿದೆ."

ಕಡ್ಲೆ! ಆ ಹೆಸರು ಹಿಡಿದು ಅವಳನ್ನು ಕರೆಯುವವನು ಭೂಮಿಯ ಮೇಲೆ ಒಬ್ಬನೇ. ಅವಳಂತೂ ಆಟದ ಕಂಪನಿಯವರೇ ಬರೆದರು ಎಂದು ಕುಣಿದಾಡಿದಳು. ಅವಳ ತಪ್ಪಲ್ಲ. ಹಿಂದಿನ ಸಲ ಕಂಪನಿಯ ಜನರೇ ಡಂಗುರದವನ ವೇಷ ಹಾಕಿ ಬಂದು ಆಟಗಾರರ ಜೊತೆ ಹರಟಿದ್ದರಲ್ಲ, ಒಗಟು ಬಿಡಿಸಿದವರನ್ನು ಮೈಸೂರಿನ ಒಂದು ಪಾರ್ಕಿಗೆ ಕರೆಸಿ ಬಾವುಟ ಕೊಟ್ಟಿದ್ದರಲ್ಲ, ಅದು ಅವಳ ತಲೆಯಲ್ಲಿತ್ತು. ನಾನು ಹಾಗೆ ಮೋಸಹೋಗುವವಳಲ್ಲ. ಅವಳಿಗೆ ಸಂದೇಶ ಕಳಿಸಿದ ಆ ಅಂಬಿಗನನ್ನು ಒಮ್ಮೆ ಸರಿಯಾಗಿ ನೋಡಿದೆ. ಮುಸುಕು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಮುಸುಕು. ಖಾತೆ ಹೊಸದು, ಬಳಗವಿಲ್ಲ. ಕಂಪನಿಯವನಲ್ಲ, ನಮ್ಮ ಹಾಗೆ ಆಡುವ ಮನುಷ್ಯ. ಕಡ್ಲೆ ಎನ್ನುತ್ತಾನೆ. ಲೆಕ್ಕ ಬಿಡಿಸಲು ನನಗೆ ಎಷ್ಟು ಹೊತ್ತು ಬೇಕು, ಹೇಳು?

ಅವತ್ತೇ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ನಾಚಿಕೊಂಡು ಬಿಟ್ಟುಬಿಡುತ್ತೀಯ ಎಂದು ಹೆದರಿದೆ. ಎದುರು ನಿಂತು ಕ್ಷಮಿಸು ಎನ್ನಲು ಬಾರದ ಗಂಡಸು ಮುಸುಕು ಹಾಕಿಕೊಂಡಾದರೂ ಬಂದನಲ್ಲ, ಬರಲಿ ಎಂದುಕೊಂಡೆ. ಸುಮನಾ ಶಾಲೆಗೆ ಹೋದ ಮೇಲೆ ನಿಮ್ಮಿಬ್ಬರ ಮಾತುಗಳನ್ನೆಲ್ಲ ಕೂತು ಓದುತ್ತಿದ್ದೆ. ಬೈಯಬೇಡ. ಹೆತ್ತವಳಿಗೆ ಅಷ್ಟು ಹಕ್ಕಿದೆ. ಅಲ್ಲದೆ ಅದರಲ್ಲಿ ನನ್ನ ಪಾಲೂ ಇತ್ತು. ಒಂದು ದಿನ ನೀನು ಬರೆದಿದ್ದೆ: "ನಿನ್ನ ತಾಯಿ ಎಲ್ಲರ ಗಾಯ ಮಾಯಿಸಿದಳು. ಅವಳ ಗಾಯವನ್ನು ಯಾರೂ ಕೇಳಲಿಲ್ಲ. ಅವಳಿಗೆ ಹೇಳಬೇಡ, ಆದರೆ ಅವಳನ್ನು ನಾನು ಬಹಳ ದಿನದಿಂದ ಬಲ್ಲೆ." ಅವತ್ತು ದೋಸೆ ಹಿಟ್ಟು ಕಲಸುತ್ತಾ ನಿಂತಲ್ಲೇ ಅತ್ತೆ. ಹದಿನೈದು ವರ್ಷದ ಸಂಸಾರದಲ್ಲಿ ನೀನು ನನ್ನ ಬಗ್ಗೆ ಇಂಥ ಮಾತು ಆಡಿದವನಲ್ಲ. ಆಡಬೇಕೆಂದು ನಾನು ಕಾದಿದ್ದೆ. ಅದನ್ನು ಬರೆಯಲು ಈಗ ನನಗೆ ನಾಚಿಕೆಯಿಲ್ಲ.

ಆಮೇಲೆ ನಿನ್ನ ಪ್ರಶ್ನೆಗಳು ಶುರುವಾದವು. ಮನೆಯಲ್ಲಿ ಸಂಜೆ ಯಾರಿರುತ್ತಾರೆ? ಅಮ್ಮನ ಟ್ಯೂಷನ್ ಎಷ್ಟು ಹೊತ್ತಿಗೆ ಬಿಡುತ್ತದೆ? ಶಾಲೆಯಿಂದ ಯಾವ ರಸ್ತೆಯಲ್ಲಿ ಬರುತ್ತೀಯ, ಒಬ್ಬಳೇನಾ, ಗೆಳತಿಯರ ಜೊತೆಯಾ? ಗಂಡಸರು ಯಾರಾದರೂ ಮನೆಗೆ ಬಂದುಹೋಗುತ್ತಾರಾ? ಇದನ್ನು ಓದಿ ನಗು ಬಂತು ಮಾರಾಯ. ಹೊಟ್ಟೆಕಿಚ್ಚಾ? ಶಿವಮೂರ್ತಪ್ಪ ಮಾಮನನ್ನು ಬಿಟ್ಟರೆ ಗ್ಯಾಸ್ ಸಿಲಿಂಡರ್ ತರುವವನು ಮಾತ್ರ ಬರುವುದು. ಅವನು ಗೇಟಿನಲ್ಲೇ ಇಳಿಸಿ ಹೋಗುತ್ತಾನೆ. ಸುಮನಾ ಎಲ್ಲಕ್ಕೂ ಚಾಚೂತಪ್ಪದೆ ಉತ್ತರ ಬರೆದಿದ್ದಳು. ಅಂಬಿಗ ದೋಣಿ ಹತ್ತಿಸುವ ಮೊದಲು ಪರೀಕ್ಷೆ ಮಾಡುತ್ತಾನಂತೆ, ಸುಳ್ಳು ಹೇಳಿದರೆ ದೋಣಿ ಮುಳುಗುತ್ತದಂತೆ. ಒಳ್ಳೆಯ ಉಪಾಯ ಹೂಡಿದ್ದೀಯ. ನಾನು ಕೇಳಿದರೆ "ಏನಿಲ್ಲ" ಎನ್ನುವ ಹುಡುಗಿಯ ಬಾಯಿಂದ ಇಡೀ ಮನೆಯ ದಿನಚರಿ ಹೊರಡಿಸಿದೆ.

ಒಂದು ಸಲ ಮಾತ್ರ ನಿನ್ನ ನಟನೆ ನೋಡಿ ಬೆರಗಾದೆ. ಸುಮನಾ, "ಮಹಾಂತಮ್ಮಜ್ಜಿ ಮಾಡೋ ಚಟ್ನಿಪುಡಿ ಆಚೆ ದಡಕ್ಕೆ ತರಬಹುದಾ?" ಎಂದು ತಮಾಷೆಗೆ ಕೇಳಿದ್ದಳು. ಅದಕ್ಕೆ ನೀನು, "ಮಹಾಂತಮ್ಮ ಯಾರು? ನಿಮ್ಮ ಜೊತೆ ಇರುತ್ತಾರಾ?" ಎಂದಿದ್ದೆ. ಹೊಳೆಹೊನ್ನೂರಿನಲ್ಲಿ ನಿನ್ನ ತಮ್ಮನ ಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ನಿನ್ನ ಹೆತ್ತ ತಾಯಿ! ಅತ್ತೆಗೆ ಇದು ಗೊತ್ತಾದರೆ ಪೊರಕೆ ಹಿಡಿದು ಬರುತ್ತಾರೆ. ಆ ಹೊತ್ತಿಗೆ ನನಗೆ ಏನೋ ಒಂದು ಥರ ಆದದ್ದು ನಿಜ. ಆದರೆ ವೇಷ ಹಾಕಿದವನು ವೇಷ ಬಿಡಬಾರದಲ್ಲ, ಅಮ್ಮನ ಹೆಸರು ಬಂದ ಕೂಡಲೇ ಕರಗಿದರೆ ಅಂಬಿಗ ಹೇಗಾದಾನು ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಕಳೆದ ವಾರ ದೋಣಿ ಹೊರಡುವ ದಿನ ಹೇಳಿದೆ. "ಲೋಹದ ಹಕ್ಕಿ ನೆಲ ಮುಟ್ಟುವ ಬಯಲು, ಭಾನುವಾರ, ಬಿಸಿಲು ಇಳಿಯುವಾಗ." ಸುಮನಾ ಅರೆ ನಿಮಿಷದಲ್ಲಿ ಒಗಟು ಬಿಡಿಸಿ, "ಸೋಗಾನೆ ಏರ್‌ಪೋರ್ಟ್ ಅಮ್ಮಾ! ಅಪ್ಪ ಕರ್ಕೊಂಡು ಹೋಗ್ತಿದ್ದ ಜಾಗ!" ಎಂದು ನನ್ನ ಬಳಿ ಓಡಿ ಬಂದಳು. ಅಮ್ಮನಿಗೆ ಹೇಳಬಾರದು ಎಂಬ ನಿನ್ನ ಕಟ್ಟಪ್ಪಣೆ ಮುರಿದಳು ಪಾಪ, ಸೋಗಾನೆವರೆಗೆ ಹೋಗಲು ನನ್ನ ಸ್ಕೂಟಿ ಬೇಕಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವ ಜಾಗವನ್ನೇ ಆರಿಸಿದ್ದೀಯ. ಇಬ್ಬರಿಗೂ ಅರ್ಧ ದಾರಿ. ನನಗೆ ಅದು ಬಹಳ ಹಿಡಿಸಿತು.

ನಿನ್ನ ಷರತ್ತುಗಳನ್ನೂ ಅವಳು ಓದಿ ಹೇಳಿದಳು. ಹೊಸ ನಾಡಿನಲ್ಲಿ ಹಳೆಯ ಆಯುಧ ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ ಫೋನು ತರಬಾರದು. ಇದು ಆಟದಲ್ಲೂ ಇರುವುದೇ, ಪ್ರತಿ ಹೊಸ ಅಧ್ಯಾಯದಲ್ಲಿ ಹಳೆಯ ಕತ್ತಿ, ಹಳೆಯ ಕವಚ ಎಲ್ಲವೂ ಕಸ. ಇನ್ನೊಂದು, ಅಂಬಿಗನ ಮುಖವನ್ನು ದೊಡ್ಡವರು ನೋಡಬಾರದು. ಇದರ ಅರ್ಥ ನನಗೆ ಆಗದೇ ಇದ್ದೀತೆ? ನನ್ನ ಮುಖ ನೋಡಲು ನಿನಗೆ ಇನ್ನೂ ಧೈರ್ಯ ಬಂದಿಲ್ಲ. ಮಗಳ ಜೊತೆ ಒಂದು ಸಂಜೆ ಬೇಕು. ನಾನು ನಡುವೆ ಬಂದು ಫೋನಿನ ಮ್ಯಾಪಿನಲ್ಲಿ ನಿಮ್ಮನ್ನು ಹಿಂಬಾಲಿಸಿ, "ಐಸ್ ಕ್ರೀಮ್ ಕೊಡಿಸಬೇಡ, ಗಂಟಲು ಕೆಡುತ್ತೆ" ಎಂದು ಕಾಟ ಕೊಡಬಾರದು. ಆಯಿತು, ಒಪ್ಪಿದೆ. ಅವಳಿಗೆ, "ಹೋಗು. ಅಂಬಿಗ ಕೇಳಿದ್ದಕ್ಕೆಲ್ಲ ಜಾಣೆಯ ಹಾಗೆ ಉತ್ತರ ಕೊಡು. ಹೇಳಿದ ಮಾತು ಕೇಳು" ಎಂದೆ. ಅಂಬಿಗ ಯಾರೆಂದು ಮಾತ್ರ ಹೇಳಲಿಲ್ಲ. ಮುಸುಕು ತೆಗೆದು ಅಪ್ಪನ ಮುಖ ಕಂಡಾಗ ಅವಳು ಕಿರುಚುವ ಸಂತೋಷವನ್ನು ನಾನೇಕೆ ಕೆಡಿಸಲಿ?

ಇವತ್ತು ಮಧ್ಯಾಹ್ನ ಅವಳಿಗೆ ಎಣ್ಣೆ ಹಾಕಿ ಎರಡು ಜಡೆ ಹೆಣೆದೆ. ಬೇಡ ಎಂದು ರಂಪ ಮಾಡಿದಳು. ಎಂಟನೇ ಕ್ಲಾಸಿನವಳಲ್ಲವೇ, ಈಗ ಒಂದೇ ಜಡೆಯಂತೆ. ನಿನಗೆ ಎರಡು ಜಡೆ ಇಷ್ಟ ಎಂದು ನನಗೆ ಗೊತ್ತು, ಹೇಳಲಾಗುವುದಿಲ್ಲ, "ದೋಣಿಯಲ್ಲಿ ಗಾಳಿ ಜಾಸ್ತಿ ಇರುತ್ತೆ" ಎಂದು ಪುಸಲಾಯಿಸಿದೆ. ಹಸಿರು ಚೂಡಿದಾರ ಹಾಕಿಸಿದೆ. ಸ್ಕೂಟಿಯ ಹಿಂದೆ ಕೂತು ದಾರಿಯುದ್ದಕ್ಕೂ ಮಾತು. ಆಚೆ ದಡದಲ್ಲಿ ದ್ಯಾಮಮ್ಮ ಸಿಗುತ್ತಾಳಾ? ಹೋದವರು ವಾಪಸ್ ಬರುವ ದಾರಿ ಇದೆಯಾ? ನಾನು, "ಕಥೆ ಅಂದ್ಮೇಲೆ ಇದ್ದೇ ಇರುತ್ತೆ ಬಿಡೆ" ಎಂದೆ. ಕಾಂಪೌಂಡಿನ ಪಕ್ಕದ ರಸ್ತೆಯಲ್ಲಿ, ವಿಮಾನ ನೋಡಲು ಜನ ನಿಲ್ಲುವಲ್ಲಿ ಇಳಿಸಿದೆ. ಚುರುಮುರಿ ಗಾಡಿಯವನು ಆಗಲೇ ಗಂಟು ಕಟ್ಟುತ್ತಿದ್ದ. ಇವತ್ತಿನ ವಿಮಾನ ಬಂದು ಹೋಗಿಯಾಗಿತ್ತು, ಜನ ಹೆಚ್ಚಿಗೆ ಇರಲಿಲ್ಲ. ನೀನು ಎಲ್ಲೋ ಮರೆಯಲ್ಲಿ ನಿಂತು, ನಾನು ಯಾವಾಗ ತೊಲಗುತ್ತೇನೋ ಎಂದು ಕಾಯುತ್ತಿದ್ದೀಯ ಎಂದು ಗೊತ್ತಿತ್ತು. ಅದಕ್ಕೇ ಗಾಡಿ ತಿರುಗಿಸಿಕೊಂಡು ಹೊರಟೆ, ಹಿಂದೆ ತಿರುಗಿ ನೋಡಲೇ ಇಲ್ಲ. ನಿನ್ನ ಷರತ್ತು ನಾನು ಮುರಿಯಲಿಲ್ಲ, ನೆನಪಿಟ್ಟುಕೋ.

ಈಗ ನನ್ನ ಮಾತು. ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಜ್ಞಾನೇಶ್, ಮನೆಗೆ ಬಾ. ಮುಸುಕು ಸಾಕು. ಭದ್ರಾವತಿಯ ಕೆಲಸ ಇಲ್ಲಿಂದಲೇ ಓಡಾಡಿಕೊಂಡು ಮಾಡಬಹುದು, ಎಷ್ಟು ಜನ ಮಾಡುವುದಿಲ್ಲ? ನಿನ್ನ ಕುರ್ಚಿಯನ್ನು ಟ್ಯೂಷನ್ ಮಕ್ಕಳಿಗೆ ಕೊಟ್ಟಿಲ್ಲ. ನಿನ್ನ ಕಡೆಯಿಂದ ತಪ್ಪಾಯಿತು ಎಂಬ ಮಾತು ಬರಲಿ ಎಂದು ಒಂದು ವರ್ಷ ಹಟ ಹಿಡಿದೆ. ಅಂಬಿಗನ ಬಾಯಲ್ಲಿ ಅದು ಬಂತು. ನನಗೆ ಅಷ್ಟು ಸಾಕು. ನನ್ನ ಕಡೆಯಿಂದಲೂ ಇದೋ ಹೇಳುತ್ತಿದ್ದೇನೆ, ನೀನಿಲ್ಲದ ಮನೆ ನನಗೆ ಸರಿಹೋಗುತ್ತಿಲ್ಲ. ಗಾಯ ಮಾಯಿಸುವವಳು ಒಬ್ಬಳೇ ನಿಂತು ಏನು ಮಾಡಬೇಕು?

ರಾತ್ರಿಯ ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೇನೆ. ಮೂವರಿಗೆ. ಬೀದಿದೀಪ ಹತ್ತಿಕೊಂಡಿತು. ಇಷ್ಟು ಹೊತ್ತಿಗೆ ಹೊರಟಿರಬೇಕು ನೀವು. ಯಾವ ಗಾಡಿ ಸದ್ದಾದರೂ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ಬೇರೆ ಯಾರೋ. ಬೇಗ ಬನ್ನಿ. ನವೆಂಬರಿನ ಚಳಿ, ಅವಳು ಸ್ವೆಟರ್ ಮರೆತು ಹೋಗಿದ್ದಾಳೆ. ಅಗೋ, ಗೇಟಿನ ಸದ್ದಾಯಿತು. ನೀವೇ ಇರಬೇಕು. ಸಹಿ ಹಾಕಿಬಿಡುತ್ತೇನೆ.

ಜಗಳ ಮುಗಿಸಿ ಕಾದಿರುವ ನಿನ್ನ,
ಸೌಂದರ್ಯ

ಮರೆತ ಮಾತು: ಬಂದದ್ದು ನೀವಲ್ಲ, ಮಾಮ. ನಿನ್ನ ಕಾಗದ ತಂದರು. ಜ್ಞಾನೇಶ್, ಮೇಲಿನದು ಯಾವುದನ್ನೂ ಓದುತ್ತಾ ನಿಲ್ಲಬೇಡ, ಇದೊಂದು ಓದು. ನೀನು ಬರೆದಿದ್ದೀಯ, ಈ ಭಾನುವಾರವೂ ನಿನಗೆ ಮಧ್ಯಾಹ್ನದ ಪಾಳಿಯಂತೆ. ಕಂಪ್ಯೂಟರನ್ನು ಯುಗಾದಿಗೇ ಮಾರಿದೆಯಂತೆ. "ಹೋದ ವಾರ ಕಡ್ಲೆ ಕಾಗದದ ಕೊನೇಲಿ ಅಂಬಿಗ ಅಂತ ಏನೋ ಬರೆದಿದ್ದಾಳೆ, ಯಾರವನು?" ಎಂದು ಕೇಳಿದ್ದೀಯ. ಮಾಮನೇ ನಿನ್ನನ್ನು ಕಾರ್ಖಾನೆಯ ಗೇಟಿನವರೆಗೆ ಬಿಟ್ಟು ಬಂದರಂತೆ. ಮಾಮನ ಫೋನಿನಿಂದ ನಿನಗೆ ಮಾಡಿದೆ, ಆಫ್ ಬರುತ್ತಿದೆ, ಗೇಟಿನಲ್ಲಿ ಕೊಟ್ಟಿರುತ್ತೀಯ. ಸಾವಿತ್ರಮ್ಮ ಪೊಲೀಸರಿಗೆ ಹೇಳುತ್ತಿದ್ದಾರೆ. ನಾನು ಸೋಗಾನೆಗೆ ಹೊರಟೆ. ಮಾಮ ಇದನ್ನು ನಿನಗೆ ಮುಟ್ಟಿಸುತ್ತಾರೆ, ನೀನು ಭದ್ರಾವತಿ ಕಡೆಯ ರಸ್ತೆಯಿಂದ ಹುಡುಕುತ್ತಾ ಬಾ. ಬಿಳಿ ಕಾರು. ನಂಬರ್ ನೋಡಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ ಎಂದು ಬರೆದದ್ದು ಸುಳ್ಳು. ನೋಡಿದೆ. ಅವಳ ಪಕ್ಕಕ್ಕೆ ಕಾರು ಬಂದು ನಿಂತಿತ್ತು, ಹಿಂದಿನ ಬಾಗಿಲು ತೆರೆದಿತ್ತು. ಯಾರದ್ದೋ ಕಾರು ಕೇಳಿ ತಂದಿದ್ದೀಯ ಅಂದುಕೊಂಡೆ. ಅವಳು ಹತ್ತದೆ ಅನುಮಾನದಿಂದ ನನ್ನ ಕಡೆ ನೋಡಿದಳು. ನಾನೇ ಕೈ ಬೀಸಿ, ಹತ್ತು ಎಂದೆ.